ಶಾಲಿಲ್ಲದ ಸನ್ಮಾನ

ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಚಹಾ ಬರುವ ಮೊದಲು ಹಣದ ಮಾತು, ಚಹಾ ಬಂದ ಮೇಲೆ ಹೆಸರುಗಳ ಮಾತು. ಇದು ಹಿಂದಿನಿಂದ ನಡೆದುಬಂದ ಪದ್ಧತಿ. ೨೦೨೪ರ ರಾಜ್ಯೋತ್ಸವದ ಸಿದ್ಧತೆಯ ಸಭೆಯಲ್ಲಿಯೂ ಹಾಗೆಯೇ ಆಯಿತು. ಸಭಾಗೃಹದ ಬಾಡಿಗೆ, ಧ್ವನಿವರ್ಧಕದವನ ಮುಂಗಡ, ಊಟಕ್ಕೆ ತಲೆಗೆ ಇಷ್ಟು ಎಂಬ ಲೆಕ್ಕ ಎಲ್ಲ ಮುಗಿದು ಚಹಾದ ಲೋಟಗಳು ಕೈಗೆ ಬಂದ ಮೇಲೆ, ಈ ವರ್ಷ ಯಾರಿಗೆ ಶಾಲು ಹೊದಿಸಬೇಕು ಎಂಬ ಪ್ರಶ್ನೆ ಎದ್ದಿತು. ಸಾಹಿತಿಗಳಿಗೆ ಆಗಿದೆ, ಯಕ್ಷಗಾನದ ಭಾಗವತರಿಗೆ ಆಗಿದೆ, ರಾತ್ರಿ ಶಾಲೆಯ ಮೇಷ್ಟರಿಗೂ ಆಗಿದೆ. "ಈ ಸಲ ಒಬ್ಬ ಆಟಗಾರರನ್ನು ನೋಡೋಣ, ಹುಡುಗರಾದರೂ ಬಂದಾರು" ಎಂದರು ಕಾರ್ಯದರ್ಶಿಗಳು.

ಕುರ್ಚಿ ಎತ್ತಿಡಲೆಂದು ಬಂದಿದ್ದ ನಮ್ಮ ಮಗ ಬಾಗಿಲಲ್ಲಿ ನಿಂತುಕೊಂಡೇ "ಸುನಿಲ್ ಛೇತ್ರಿ" ಎಂದ.

ಎಲ್ಲರೂ ತಿರುಗಿ ನೋಡಿದರು. ಖಜಾಂಚಿಗಳು ಕನ್ನಡಕ ಸರಿಪಡಿಸಿಕೊಂಡು, "ದೊಡ್ಡ ಆಟಗಾರರು, ಒಪ್ಪಿದೆ. ಆದರೆ ಅವರು ನಮ್ಮವರೇನಪ್ಪಾ?" ಎಂದು ಕೇಳಿದರು. ಹುಡುಗ ಏನೋ ಹೇಳಹೊರಟವನು ಸುಮ್ಮನಾದ. ಅಷ್ಟು ದೊಡ್ಡವರನ್ನು ಕರೆಸುವುದು ನಮ್ಮಂಥ ಸಂಘದ ಕೈಗೆಟುಕುವ ಮಾತೂ ಅಲ್ಲ. ಆ ಹೆಸರು ಅಲ್ಲಿಗೇ ನಿಂತಿತು. ಶಾಲು ಬೇರೊಬ್ಬ ಹಿರಿಯರ ಹೆಗಲೇರಿತು. ಅವರು ಅದಕ್ಕೆ ತಕ್ಕವರೇ.

ಖಜಾಂಚಿಗಳ ಪ್ರಶ್ನೆ ಮಾತ್ರ ನಮ್ಮ ಜೊತೆಯಲ್ಲಿಯೇ ಲೋಕಲ್ ಗಾಡಿ ಹತ್ತಿ ಮನೆಗೆ ಬಂತು. ಕಿಟಕಿಯ ಬಳಿ ಕುಳಿತ ಮಗ ಕೇಳಿದ: "ಅಪ್ಪಾ, ಅವರು ನಮ್ಮವರಲ್ಲ ಅಂದ್ರ, ನಾವು ಯಾರವರು?"

ಇದಕ್ಕೆ ತಟ್ಟನೆ ಉತ್ತರ ಹೇಳುವ ಮುಂಬಯಿ ಕನ್ನಡಿಗರಿದ್ದರೆ ಅವರಿಗೆ ನಮ್ಮ ನಮಸ್ಕಾರ. ನಾವು ಗದಗಿನ ಕಡೆಯವರು. ಈ ಊರಿಗೆ ಬಂದು ಮೂವತ್ತು ವರ್ಷ ಆಗುತ್ತ ಬಂತು. ಊರಿಗೆ ಹೋದರೆ "ಮುಂಬೈಯವರು ಬಂದರು" ಎಂದು ಬಾಗಿಲು ತೆರೆಯುತ್ತಾರೆ. ಇಲ್ಲಿ ನೆರೆಯವರ ಬಾಯಲ್ಲಿ ನಾವು ಇಂದಿಗೂ ಮದರಾಸಿಗಳು. ಮಗನೋ ಇಲ್ಲಿಯೇ ಹುಟ್ಟಿದವನು. ಗೆಳೆಯರೊಡನೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷು, ಜಗಳಕ್ಕೆ ಹಿಂದಿ, ಹಸಿವಾದಾಗ ಕನ್ನಡ. ಅವನ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಂತೆ, ಶಾಲು ತಪ್ಪಿಹೋದ ಆ ಆಟಗಾರರ ಬಗ್ಗೆ ನಾಲ್ಕು ಮಾತು ಬರೆಯಬೇಕೆನಿಸಿತು. ಓದುಗ ಮಹಾಶಯರು ಈ ಲೇಖನವನ್ನೇ ಶಾಲೆಂದು ತಿಳಿಯಬೇಕು.

ಸುನಿಲ್ ಛೇತ್ರಿಯವರು ಹುಟ್ಟಿದ್ದು ೧೯೮೪ರ ಆಗಸ್ಟ್ ೩ರಂದು, ಸಿಕಂದರಾಬಾದಿನಲ್ಲಿ. ಮನೆಮಾತು ನೇಪಾಳಿ. ತಂದೆ ಸೈನ್ಯದಲ್ಲಿದ್ದವರು. ತಾಯಿ ಮತ್ತು ಅವರ ಅವಳಿ ಸೋದರಿ ನೇಪಾಳದ ಮಹಿಳಾ ತಂಡದಲ್ಲಿ ಫುಟ್‌ಬಾಲ್ ಆಡಿದವರಂತೆ. ಎಂದರೆ ಈ ವಿದ್ಯೆ ತಾಯಿಯ ಕಡೆಯಿಂದ ಬಂದದ್ದು. ತಂದೆಗೆ ವರ್ಗವಾದಲ್ಲೆಲ್ಲ ಮನೆ ಎದ್ದಿತು. ಗ್ಯಾಂಗ್ಟಾಕ್, ಡಾರ್ಜಿಲಿಂಗ್, ದೆಹಲಿ ಎಂದು ಬಾಲ್ಯ ಊರೂರು ತಿರುಗಿತು. ಬ್ಯಾಂಕಿನಲ್ಲೋ ರೈಲ್ವೆಯಲ್ಲೋ ಇರುವ ನಮ್ಮ ಸದಸ್ಯರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಸ ಶಾಲೆ, ಹೊಸ ಮಾತು, ಹಿಂದಿನ ಬೆಂಚು.

ದೊಡ್ಡವರಾದ ಮೇಲೆಯೂ ತಿರುಗಾಟ ತಪ್ಪಲಿಲ್ಲ. ೨೦೦೨ರಲ್ಲಿ ಕೋಲ್ಕತ್ತೆಯ ಮೋಹನ್ ಬಾಗಾನ್. ಆಮೇಲೆ ಪಂಜಾಬಿನ ಜೆ.ಸಿ.ಟಿ. ಮತ್ತೆ ಕೋಲ್ಕತ್ತೆಗೆ ಬಂದು ಈಸ್ಟ್ ಬೆಂಗಾಲ್. ಅಲ್ಲಿಂದ ಗೋವೆಯ ಡೆಂಪೊ. ೨೦೧೦ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿ, ೨೦೧೨ರಲ್ಲಿ ಪೋರ್ಚುಗಲ್ಲಿನ ಸ್ಪೋರ್ಟಿಂಗ್ ಸಂಸ್ಥೆಯ ಎರಡನೆಯ ತಂಡ. ಪರದೇಶದಲ್ಲಿ ಹೆಚ್ಚು ಆಡುವ ಅವಕಾಶ ಸಿಗಲಿಲ್ಲ, ಮರಳಿ ಬಂದರು. ಇದರ ನಡುವೆ ೨೦೦೫ರ ಜೂನ್ ೧೨ರಂದು ಪಾಕಿಸ್ತಾನದ ಕ್ವೆಟ್ಟಾದಲ್ಲಿ ಮೊದಲ ಸಲ ಭಾರತದ ಅಂಗಿ ತೊಟ್ಟು, ಆ ಮೊದಲ ಪಂದ್ಯದಲ್ಲಿಯೇ ಗೋಲು ಹೊಡೆದಿದ್ದರು. ಆಗ ಅವರಿಗೆ ಇಪ್ಪತ್ತು ವರ್ಷ.

ಹೀಗೆ ಗಂಟುಮೂಟೆ ಹೊತ್ತು ತಿರುಗುತ್ತಿದ್ದ ಮನುಷ್ಯ ೨೦೧೩ರಲ್ಲಿ ಬೆಂಗಳೂರಿಗೆ ಬಂದರು.

ಬೆಂಗಳೂರಿಗೆ ಫುಟ್‌ಬಾಲ್ ಹೊಸದೇನಲ್ಲ. ಈ ಸಂಗತಿ ನಮಗೆ ತಿಳಿದದ್ದು ನಮ್ಮ ಕಟ್ಟಡದ ರಾಯರಿಂದ. ರಾಯರು ಉಡುಪಿಯ ಕಡೆಯಿಂದ ೧೯೫೦ರ ಸುಮಾರಿಗೆ, ಹದಿನಾರರ ವಯಸ್ಸಿನಲ್ಲಿ, ಕೋಟೆ ಪ್ರದೇಶದ ಒಂದು ಹೋಟೆಲಿಗೆ ಕೆಲಸಕ್ಕೆ ಬಂದವರು. ಹಗಲು ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು, ಕೊನೆಗೆ ತಾವೇ ಗಲ್ಲೆಯ ಮೇಲೆ ಕೂತವರು. ಅವರ ಮೋಜು ಒಂದೇ, ಕೂಪರೇಜ್ ಮೈದಾನದ ಹೊರಗೆ ನಿಂತು ರೋವರ್ಸ್ ಕಪ್ ನೋಡುವುದು. ಹೈದರಾಬಾದಿನ ಪೊಲೀಸರು ೧೯೫೦ರಿಂದ ೫೪ರ ತನಕ ಸತತ ಐದು ವರ್ಷ ಆ ಕಪ್ಪನ್ನು ಹೊತ್ತೊಯ್ದ ಕಾಲವನ್ನು ಅವರು ಕಣ್ಣಾರೆ ಕಂಡಿದ್ದರು. ಅದಕ್ಕೂ ಹಿಂದೆ, ೧೯೩೭ರಲ್ಲಿ, ಗೋರಾ ಸಿಪಾಯಿಗಳ ತಂಡಗಳೇ ಗೆಲ್ಲುತ್ತಿದ್ದ ಆ ಕಪ್ಪನ್ನು ಮೊತ್ತಮೊದಲು ಗೆದ್ದ ನಮ್ಮ ದೇಶದ ನಾಗರಿಕ ತಂಡ ಬೆಂಗಳೂರ್ ಮುಸ್ಲಿಮ್ಸ್ ಎಂಬುದು ಅವರಿಗೆ ಬಾಯಿಪಾಠ. "ನಮ್ಮ ಬೆಂಗಳೂರಿನವರು ಮಾರಾಯ್ರೆ, ಇಲ್ಲೇ, ಈ ಮುಂಬಯಿಯಲ್ಲೇ!" ಎಂದು ತೋರುಬೆರಳೆತ್ತಿ ಹೇಳುವರು. ಉಡುಪಿಯವರಿಗೆ ಬೆಂಗಳೂರು ಹೇಗೆ ಸ್ವಂತದ್ದಾಯಿತೆಂದು ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಊರಿನಿಂದ ಇಷ್ಟು ದೂರ ಬಂದ ಮೇಲೆ ಗದಗು, ಉಡುಪಿ, ಬೆಂಗಳೂರುಗಳ ನಡುವಿನ ದೂರ ತಾನಾಗಿ ಕಡಿಮೆಯಾಗುತ್ತದೆ.

ಅಹಮದ್ ಖಾನರ ಹೆಸರನ್ನು ಹೇಳಿಕೊಟ್ಟವರೂ ರಾಯರೇ. ೧೯೨೬ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ೧೯೪೮ರ ಲಂಡನ್, ೧೯೫೨ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ ಆಡಿದವರು. ಕೋಲ್ಕತ್ತೆಗೆ ಹೋಗಿ ಈಸ್ಟ್ ಬೆಂಗಾಲಿನ ಮುಂಚೂಣಿಯ ಐವರಲ್ಲಿ ಒಬ್ಬರಾದರು. ಆ ಐವರೂ ದಕ್ಷಿಣದವರು, ಒಬ್ಬರೂ ಬಂಗಾಳಿಯಲ್ಲ. ಆದರೂ ಬಂಗಾಳದ ಜನ ಅವರಿಗೆ ಇಟ್ಟ ಹೆಸರು ಪಂಚಪಾಂಡವರು! ೨೦೧೭ರಲ್ಲಿ ಬೆಂಗಳೂರಿನಲ್ಲಿ ತೀರಿಕೊಳ್ಳುವವರೆಗೂ ಖಾನರನ್ನು ಕೋಲ್ಕತ್ತೆ ಮರೆಯಲಿಲ್ಲ. ನಮ್ಮೂರಿನವರನ್ನು ಪರ ಊರು ಹೀಗೆ ಮಡಿಲಿಗೆ ಹಾಕಿಕೊಂಡ ಮೇಲೆ, ಪರ ಊರಿನವರು ನಮ್ಮಲ್ಲಿಗೆ ಬಂದಾಗ ನಾವು ಜಾತಕ ಕೇಳುವುದು ಸರಿಯೇ?

ಮೈಸೂರು ರಾಜ್ಯದ ಹೆಸರಿನಲ್ಲಿ ನಮ್ಮವರು ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದರು. ನಾಲ್ಕನೆಯದು ೧೯೬೮-೬೯ರ ಸಾಲಿನದು. ಆಮೇಲೆ ದೀರ್ಘ ಮೌನ. ಐ.ಟಿ.ಐ., ಎಚ್.ಎ.ಎಲ್.ನಂಥ ಕಾರ್ಖಾನೆಗಳ ತಂಡಗಳು ಹೆಸರು ಉಳಿಸಿಕೊಂಡು ಬಂದವಾದರೂ, ಊರಿನ ಜನಕ್ಕೆ ಕ್ರಿಕೆಟ್ಟೊಂದೇ ಆಟವಾಯಿತು. ೨೦೧೩ರಲ್ಲಿ ಬೆಂಗಳೂರು ಎಫ್.ಸಿ. ಎಂಬ ಹೊಸ ತಂಡ ಕಟ್ಟಿ ಛೇತ್ರಿಯವರನ್ನು ನಾಯಕರನ್ನಾಗಿ ಮಾಡಿದಾಗ, ಇದೂ ನಾಲ್ಕು ದಿನದ ಸಂತೆ ಎಂದುಕೊಂಡವರೇ ಹೆಚ್ಚು. ತಂಡ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ೨೦೧೬ರಲ್ಲಿ ಮತ್ತೊಮ್ಮೆ ಗೆದ್ದಿತು. ಅದೇ ವರ್ಷ ಅಕ್ಟೋಬರಿನಲ್ಲಿ, ಕಂಠೀರವ ಕ್ರೀಡಾಂಗಣದಲ್ಲಿ, ಮಲೇಷ್ಯಾದ ಬಲಾಢ್ಯ ಜೋಹೋರ್ ತಂಡವನ್ನು ೩-೧ರಿಂದ ಸೋಲಿಸಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯಕ್ಕೆ ಹೋದ ಮೊದಲ ಭಾರತೀಯ ತಂಡವೆನಿಸಿತು. ಮೂರರಲ್ಲಿ ಎರಡು ಗೋಲು ಛೇತ್ರಿಯವರದು. ದೋಹಾದಲ್ಲಿ ನಡೆದ ಅಂತಿಮ ಪಂದ್ಯವನ್ನು ಇರಾಕಿನ ತಂಡಕ್ಕೆ ೧-೦ರಿಂದ ಸೋತರೇನಾಯಿತು, ಮೈದಾನದ ಪಶ್ಚಿಮದ ಕಟ್ಟೆಯ ಮೇಲೆ ನೀಲಿ ಅಂಗಿ ತೊಟ್ಟು ತೊಂಬತ್ತು ನಿಮಿಷವೂ ನಿಂತೇ ಹಾಡುವ ಒಂದು ಹೊಸ ಜನ ಬೆಂಗಳೂರಿನಲ್ಲಿ ಹುಟ್ಟಿಕೊಂಡಿತ್ತು.

ನಮಗೆ ಇದಾವುದೂ ಆಗ ಗೊತ್ತಿರಲಿಲ್ಲ. ೨೦೧೫ರಲ್ಲಿ ೧ ಕೋಟಿ ೨೦ ಲಕ್ಷ ರೂಪಾಯಿಗೆ ಹರಾಜಾಗಿ ಛೇತ್ರಿಯವರು ನಮ್ಮ ಮುಂಬಯಿಯ ತಂಡಕ್ಕೇ ಎರಡು ಸಾಲು ಆಡಿಹೋದದ್ದು ಕೂಡ ನಮ್ಮ ಕಿವಿಗೆ ಬಿದ್ದಿರಲಿಲ್ಲ. ಪಕ್ಕದಲ್ಲೇ ಇದ್ದವರನ್ನು ಗುರುತಿಸದಿರುವುದು ಮಹಾನಗರದ ಗುಣವಷ್ಟೆ.

ನಮ್ಮ ಕಣ್ಣು ತೆರೆಸಿದ್ದು ೨೦೧೮ರ ಜೂನ್ ತಿಂಗಳು. ಅಂಧೇರಿಯ ಕ್ರೀಡಾ ಸಂಕುಲದಲ್ಲಿ ನಾಲ್ಕು ದೇಶಗಳ ಪಂದ್ಯಾವಳಿ ಇತ್ತು. ಜೂನ್ ೧ರಂದು ಭಾರತ ಚೈನೀಸ್ ತೈಪೆಯನ್ನು ೫-೦ರಿಂದ ಸೋಲಿಸಿತು. ಛೇತ್ರಿಯವರೇ ಮೂರು ಗೋಲು ಹೊಡೆದರು. ನೋಡಲು ಬಂದವರು ೨,೫೬೯ ಮಂದಿ. ಕೋಟಿಗಟ್ಟಲೆ ಜನರಿರುವ ಊರಿನಲ್ಲಿ, ದೇಶದ ತಂಡದ ಆಟಕ್ಕೆ, ಎರಡೂವರೆ ಸಾವಿರ!

ಮರುದಿನ ಛೇತ್ರಿಯವರು ಮೊಬೈಲಿನ ಮುಂದೆ ಕೂತು ಒಂದು ಮನವಿ ಮಾಡಿದರು. ಯುರೋಪಿನ ಆಟದ ಮಟ್ಟಕ್ಕೆ ನಮ್ಮ ಆಟ ಹತ್ತಿರವೂ ಇಲ್ಲವೆಂದು ತಾವೇ ಒಪ್ಪಿಕೊಂಡರು. ಆದರೂ ಬನ್ನಿ, ನೋಡಿ, ಟೀಕಿಸಿ. ಬೈಯುವುದಿದ್ದರೂ ಮನೆಯಲ್ಲಿ ಕೂತು ಬೈಯಬೇಡಿ, ಮೈದಾನಕ್ಕೆ ಬಂದು ನಮ್ಮ ಮುಖದ ಮೇಲೆ ಬೈಯಿರಿ ಎಂಬ ಅರ್ಥದ ಮಾತಾಡಿದರು. ದೇಶದ ನಾಯಕ ಕೈಮುಗಿದು ಹೀಗೆ ಕರೆಯಬೇಕಾಗಿ ಬಂತು.

ಮಗ ಅದನ್ನು ತಂದು ತೋರಿಸಿದಾಗ ನಾವು ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಏಕೆಂದರೆ ಅದೇ ವರ್ಷದ ಫೆಬ್ರುವರಿಯಲ್ಲಿ ನಮ್ಮ ಸಂಘದ ವಾರ್ಷಿಕೋತ್ಸವ ಆಗಿತ್ತು. ಮುನ್ನೂರು ಕುರ್ಚಿ, ಎಂಬತ್ತು ಜನ; ಆ ಎಂಬತ್ತರಲ್ಲಿ ಮೂವತ್ತು ಮಂದಿ ವೇದಿಕೆಯ ಮೇಲಿನವರು. ಊರಿನಿಂದ ಬಂದಿದ್ದ ಹಾಡುಗಾರರು ಖಾಲಿ ಕುರ್ಚಿಗಳಿಗೆ ಎರಡು ತಾಸು ಹಾಡಿದರು. ಊಟದ ಹೊತ್ತಿಗೆ ಮಾತ್ರ ತಟ್ಟೆ ಸಾಲದೆ ಬಂದವು. ಅಂದು ರಾತ್ರಿ ನಮ್ಮ ಮನಸ್ಸಿನಲ್ಲಿ ಎದ್ದು, ಬಾಯಿಗೆ ಬಾರದೆ ಉಳಿದ ಮಾತನ್ನೇ ಈ ಮನುಷ್ಯ ನಾಚಿಕೆ ಬಿಟ್ಟು ಹೇಳುತ್ತಿದ್ದರು.

ಜೂನ್ ೪, ಸೋಮವಾರ. ಎದುರಾಳಿ ಕೀನ್ಯಾ. ಛೇತ್ರಿಯವರಿಗೆ ದೇಶದ ಪರವಾಗಿ ನೂರನೆಯ ಪಂದ್ಯ. ಸಂಜೆಯಿಂದಲೇ ಮುಂಬಯಿಯ ಮಳೆ ತನ್ನ ಬರವನ್ನು ಸಾರುತ್ತಿತ್ತು. ರಾಯರಿಗಾಗ ಎಂಬತ್ತನಾಲ್ಕು. "ಬೇಡಿ ರಾಯರೇ, ನೆಗಡಿಯಾದೀತು" ಎಂದರೆ, "ಕರೆದವರ ಮನೆಗೆ ಹೋಗದಿದ್ದರೆ ಮರ್ಯಾದೆಯೇ?" ಎಂದು ಕೊಡೆ ಹಿಡಿದು ಹೊರಟೇಬಿಟ್ಟರು. ಬಾಗಿಲಲ್ಲಿ ಕೊಡೆಯನ್ನು ಒಳಗೆ ಬಿಡಲಿಲ್ಲ. ಎದುರಿನ ವಡಾಪಾವ್ ಗಾಡಿಯವನ ಬಳಿ ಒಪ್ಪಿಸಿ, ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಒಳಗೆ ಹೋದೆವು.

ಒಳಗೆ ಒಂದು ಕುರ್ಚಿ ಖಾಲಿ ಇರಲಿಲ್ಲ. ಟಿಕೆಟ್ಟುಗಳೆಲ್ಲ ಮಾರಿಹೋಗಿದ್ದವು. ಮೈದಾನದಲ್ಲಿ ಚೆಂಡು ಉರುಳದಷ್ಟು ನೀರು. ಮೊದಲರ್ಧ ಗೋಲಿಲ್ಲದೆ ಕಳೆಯಿತು. ಎರಡನೆಯ ಅರ್ಧದಲ್ಲಿ ಛೇತ್ರಿಯವರು ಒಂದು ಪೆನಾಲ್ಟಿ ಹೊಡೆದರು, ಮುಕ್ತಾಯದ ಹೊತ್ತಿಗೆ ಇನ್ನೊಂದು ಗೋಲು. ನಡುವೆ ಜೇಜೇ ಎಂಬವರದೊಂದು. ೩-೦. ಪಂದ್ಯ ಮುಗಿದ ಮೇಲೆ ಆಟಗಾರರು ತೊಯ್ದ ಬಟ್ಟೆಯಲ್ಲೇ ಮೈದಾನದ ಸುತ್ತ ನಡೆದು ಜನರಿಗೆ ಚಪ್ಪಾಳೆ ತಟ್ಟಿದರು. ಜನ ಅವರಿಗೆ ತಟ್ಟಿದರು. ನಮ್ಮ ಪಕ್ಕದಲ್ಲಿ ಗುಜರಾತಿ ಕುಟುಂಬ, ಹಿಂದೆ ಮಣಿಪುರದ ಹುಡುಗರು, ಮುಂದೆ ಕೋಳಿವಾಡೆಯ ಮಂದಿ. ರಾಯರ ಕನ್ನಡಕದ ತುಂಬ ನೀರು. ಒರೆಸಿಕೊಳ್ಳುತ್ತ ಅವರು ಹೇಳಿದ್ದು ಇಷ್ಟೇ: "ಟಿಕೇಟು ತೆಗೆದು ಒಳಗೆ ಕೂತು ಆಟ ನೋಡಿದ್ದು ಇದೇ ಮೊದಲು ಮಾರಾಯ್ರೆ."

ಅರುವತ್ತೆಂಟು ವರ್ಷ ಈ ಊರಿನಲ್ಲಿದ್ದವರು. ಆ ಮಾತಿನಲ್ಲಿ ಹೇಳಿದ್ದಕ್ಕಿಂತ ಹೇಳದೆ ಉಳಿದದ್ದೇ ಹೆಚ್ಚೆಂದು ನಮಗೆ ಅನ್ನಿಸಿತು.

ಮುಂದಿನ ವರ್ಷ ಮಾರ್ಚ್ ೧೭ರ ಭಾನುವಾರ ಅದೇ ಮೈದಾನಕ್ಕೆ ಬೆಂಗಳೂರು ತಂಡವೇ ಬಂತು. ಐ.ಎಸ್.ಎಲ್. ಅಂತಿಮ ಪಂದ್ಯ, ಎದುರಾಳಿ ಗೋವಾ. ನಾವು ನಾಲ್ವರೂ ಹೋದೆವು. ಹದಿಮೂರರ ಮಗ ನೀಲಿ ಅಂಗಿ ತೊಟ್ಟಿದ್ದ. ಬೆಂಗಳೂರನ್ನು ಅವನು ಕಂಡಿರಲಿಲ್ಲ. ನಮ್ಮ ಮಟ್ಟಿಗೂ ಬೆಂಗಳೂರೆಂದರೆ ಒಂದೆರಡು ಮದುವೆ ಮತ್ತು ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ. ಆದರೂ ಬೆಂಗಳೂರಿನಿಂದ ಬಂದ ಹುಡುಗರ ನಡುವೆ ನಿಂತು ಗಂಟಲು ಹರಿಯುವಂತೆ ಕೂಗಿದೆವು. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯವೂ ಮುಗಿಯುತ್ತ ಬಂದು, ೧೧೭ನೆಯ ನಿಮಿಷದಲ್ಲಿ ಒಂದು ಕಾರ್ನರ್. ಬಂದ ಚೆಂಡಿಗೆ ತಲೆ ಕೊಟ್ಟು ಗೋಲು ಮಾಡಿದವರು ರಾಹುಲ್ ಭೇಕೆ. ಭೇಕೆಯವರು ಮುಂಬಯಿಯವರು! ಮುಂಬಯಿಯ ಹುಡುಗ ಮುಂಬಯಿಯಲ್ಲೇ ಬೆಂಗಳೂರಿಗೆ ಕಪ್ಪು ಗೆದ್ದುಕೊಟ್ಟ. ಅದನ್ನೆತ್ತಿ ಹಿಡಿದವರು ಸಿಕಂದರಾಬಾದಿನಲ್ಲಿ ಹುಟ್ಟಿದ ನೇಪಾಳಿ ಮಾತಿನ ನಾಯಕ.

ಆ ಗದ್ದಲದಲ್ಲಿ ಪಕ್ಕದ ತರುಣನೊಬ್ಬ ನಮ್ಮ ಮಗನನ್ನು ಎತ್ತಿ ಕುಣಿಸಿ, "ಯಾವೂರು ಮಗಾ ನಿಂದು?" ಎಂದ.

"ಅಂಧೇರಿ" ಎಂದ ನಮ್ಮವನು.

"ಬೆಂಗಳೂರಲ್ಲಿ ಎಲ್ಲಿ ಅಂದೆ?"

"ಬೆಂಗಳೂರು ನಾ ನೋಡಿಲ್ಲ."

ತರುಣ ಒಂದು ಗಳಿಗೆ ಕಕ್ಕಾಬಿಕ್ಕಿಯಾಗಿ, ಆಮೇಲೆ ಗಹಗಹಿಸಿ ನಕ್ಕು, ತನ್ನ ಕೊರಳಿನ ನೀಲಿ ಪಟ್ಟಿಯನ್ನು ತೆಗೆದು ಇವನ ಕೊರಳಿಗೆ ಹಾಕಿದ. ಮಾತಿಗೆ ಮಾತು ಬೆಳೆದಾಗ ಗೊತ್ತಾಯಿತು, ಅವನ ಮನೆಮಾತು ತೆಲುಗು. ಅಜ್ಜನ ಕಾಲಕ್ಕೆ ಬೆಂಗಳೂರಿಗೆ ಬಂದವರಂತೆ. ಆ ಪಟ್ಟಿ ಇಂದಿಗೂ ನಮ್ಮ ಮನೆಯ ಕಪಾಟಿನಲ್ಲಿದೆ. ಆ ಬೇಸಿಗೆಯ ರಜೆಯಲ್ಲಿ ಮಗ ತಾನಾಗಿಯೇ ಕನ್ನಡ ಅಕ್ಷರ ಕಲಿಯಲು ಕೂತ. ಐದು ವರ್ಷ ನಾವು ಗದರಿಸಿ, ಮುದ್ದಿಸಿ ಮಾಡಲಾಗದ ಕೆಲಸ. ಬೆಂಗಳೂರಿನ ಪತ್ರಿಕೆಯಲ್ಲಿ ತನ್ನ ತಂಡದ ಸುದ್ದಿಯನ್ನು ತಾನೇ ಓದಬೇಕೆಂಬುದು ಅವನ ಹಟ.

ಇಷ್ಟು ಹೊಗಳಿದ ಮೇಲೆ ಒಂದು ಅಪವಾದವನ್ನೂ ಹೇಳಬೇಕು, ಇಲ್ಲದಿದ್ದರೆ ನಮ್ಮ ಮಹಡಿಯ ಮಲಯಾಳಿ ಕುಟುಂಬದವರು ನಮ್ಮನ್ನು ಕ್ಷಮಿಸಲಾರರು. ೨೦೨೩ರ ಮಾರ್ಚ್ ೩ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಪಂದ್ಯ. ಹೆಚ್ಚುವರಿ ಸಮಯದಲ್ಲಿ ಒಂದು ಫ್ರೀ ಕಿಕ್. ಕೇರಳದವರು ತಡೆಗೋಡೆ ಕಟ್ಟಿಕೊಳ್ಳುವ ಮೊದಲೇ ಛೇತ್ರಿಯವರು ಚೆಂಡನ್ನು ಬಲೆಯೊಳಕ್ಕೆ ಕಳುಹಿಸಿಬಿಟ್ಟರು. ರೆಫರಿ ಗೋಲೆಂದರು. ಕೇರಳದವರು ಸಿಟ್ಟಾಗಿ ಮೈದಾನ ಬಿಟ್ಟೇ ಹೋದರು. ನಿಯಮದ ಪ್ರಕಾರ ಸರಿಯೇ ಇರಬಹುದು, ದೊಡ್ಡ ಆಟಗಾರರಿಗೆ ಒಪ್ಪುವ ಕೆಲಸವೇ ಎಂದು ನೆರೆಮನೆಯವರು ಕೇಳಿದರೆ ನಾವು ಮಾತು ಬದಲಿಸುತ್ತೇವೆ. ಮಾತು ಬದಲಿಸಲು ವಿಷಯವೂ ಇದೆ. ಮರುದಿನವೇ, ಮಾರ್ಚ್ ೪ರಂದು, ದೂರದ ರಿಯಾದಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು ೩-೨ರಿಂದ ಸೋಲಿಸಿ, ೫೪ ವರ್ಷಗಳ ನಂತರ ಸಂತೋಷ್ ಟ್ರೋಫಿಯನ್ನು ಮನೆಗೆ ತಂದಿತು. ಅದನ್ನು ಕೇಳಲು ರಾಯರು ಇರಲಿಲ್ಲ.

ರಾಯರು ಹೋದದ್ದು ೨೦೨೧ರ ಕೊರೋನಾದ ಎರಡನೆಯ ಅಲೆಯಲ್ಲಿ. ಆ ದಿನಗಳನ್ನು ನೆನೆದರೆ ಇಂದಿಗೂ ಕೈ ನಡುಗುತ್ತದೆ. ಒಂದು ಹಾಸಿಗೆಗೆ, ಒಂದು ಸಿಲಿಂಡರಿಗೆ ನೂರು ಕಡೆ ಫೋನು. ಆಗ ಛೇತ್ರಿಯವರು ತಮ್ಮ ಟ್ವಿಟರ್ ಖಾತೆಯನ್ನೇ, ರೋಗಿಗಳಿಗಾಗಿ ಓಡಾಡುತ್ತಿದ್ದ ಸಾಮಾನ್ಯ ಜನರ ಕೈಗೆ ಒಪ್ಪಿಸಿದರು. ನಿಜವಾದ ನಾಯಕರು ಇವರು ಎಂದು ಅವರನ್ನು ಕರೆದರು. ತಮ್ಮ ಮಾತಿಗೆ ಕಿವಿಗೊಡುವ ಲಕ್ಷಾಂತರ ಜನರಿಗೆ ಎಲ್ಲಿ ಔಷಧ ಬೇಕು, ಎಲ್ಲಿ ಹಾಸಿಗೆಯಿದೆ ಎಂಬ ಸುದ್ದಿ ಮುಟ್ಟಲೆಂದು.

ಇದನ್ನು ಕಂಡ ನಮ್ಮ ಮಗ, ಹದಿನೈದರ ಹುಡುಗ, ಸಂಘದ ಸದಸ್ಯರ ದೂರವಾಣಿ ಪಟ್ಟಿಯನ್ನು ಹಿಡಿದು ಕೂತ. ಯಾವ ಮನೆಯಲ್ಲಿ ಮುದುಕರಿಬ್ಬರೇ ಇದ್ದಾರೆ, ಯಾರಿಗೆ ಡಬ್ಬಿ ಊಟ ಬೇಕು, ಯಾರ ಬಳಿ ಆಮ್ಲಜನಕದ ಯಂತ್ರವಿದೆ ಎಂದು ದಿನವೂ ಬೆಳಗ್ಗೆ ಒಂದು ಯಾದಿ ಮಾಡಿ ಎಲ್ಲರಿಗೂ ಕಳುಹಿಸತೊಡಗಿದ. ಅರ್ಧ ಕನ್ನಡ, ಅರ್ಧ ಇಂಗ್ಲಿಷು, ಕಾಗುಣಿತ ದೇವರಿಗೇ ಪ್ರೀತಿ. ಆದರೆ ಹದಿನಾಲ್ಕು ಮನೆಗಳಿಗೆ ಊಟ ಮುಟ್ಟಿತು. ರಾಯರಿಗೂ ಒಂದು ಹಾಸಿಗೆ ಸಿಕ್ಕಿತು, ಆ ಯಾದಿಯಿಂದಲೇ. ಅವರು ಮಾತ್ರ ಮರಳಲಿಲ್ಲ. ಅವರ ಸಾಮಾನುಗಳಲ್ಲಿ ಅಂಧೇರಿಯ ಆ ಎರಡು ಪಂದ್ಯಗಳ ಟಿಕೇಟುಗಳು ಗಲ್ಲೆಯ ಹಳೆಯ ಲೆಕ್ಕದ ಪುಸ್ತಕದ ನಡುವೆ ಸಿಕ್ಕವು.

೨೦೨೪ರ ಜೂನ್ ೬ರಂದು ಕೋಲ್ಕತ್ತೆಯ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಛೇತ್ರಿಯವರು ದೇಶದ ಪರವಾಗಿ ವಿದಾಯದ ಪಂದ್ಯ ಆಡಿದರು. ಎದುರಾಳಿ ಕುವೈತ್. ನಾವೆಲ್ಲ ದೂರದರ್ಶನದ ಮುಂದೆ ಕೂತೆವು, ಒಂದು ಗೋಲು ಹೊಡೆದು ಹೋಗಲಿ ದೇವರೇ ಎಂದು. ಹೊಡೆಯಲಿಲ್ಲ. ಪಂದ್ಯ ೦-೦. ಅಂದಿಗೆ ಅವರ ಲೆಕ್ಕ ೧೫೧ ಪಂದ್ಯ, ೯೪ ಗೋಲು. ಎರಡು ಸಾಲಾಗಿ ನಿಂತ ಜೊ‌ತೆಗಾರರ ನಡುವೆ ಕಣ್ಣೊರೆಸಿಕೊಳ್ಳುತ್ತ ಹೊರನಡೆದರು. ಅರ್ಜುನ ಪ್ರಶಸ್ತಿ, ಪದ್ಮಶ್ರೀ ಬಂದಿದ್ದವು. ೨೦೨೧ರಲ್ಲಿ ಖೇಲ್ ರತ್ನ ಬಂದು, ಅದನ್ನು ಪಡೆದ ಮೊದಲ ಫುಟ್‌ಬಾಲ್ ಆಟಗಾರರೆನಿಸಿದ್ದರು. ಬಾಲ್ಯದಿಂದ ಯಾವ ಊರಿನಲ್ಲೂ ನೆಲೆ ನಿಲ್ಲದ ಮನುಷ್ಯ ಬೆಂಗಳೂರು ತಂಡವನ್ನು ಮಾತ್ರ ಬಿಡಲಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ, ನಲವತ್ತು ದಾಟಿದ ಮೇಲೆ, ಕಂಠೀರವದಲ್ಲಿ ಕೇರಳದ ವಿರುದ್ಧವೇ ಮೂರು ಗೋಲು ಹೊಡೆದರು. ಆ ರಾತ್ರಿ ನೆರೆಮನೆಯವರು ಬಾಗಿಲು ತೆಗೆಯಲಿಲ್ಲ. ಅದನ್ನೆಲ್ಲ ನೋಡಿ ದೇಶದ ತಂಡ ಅವರನ್ನು ಮತ್ತೆ ಕರೆಯಿತು. ೨೦೨೫ರ ಮಾರ್ಚ್‌ನಲ್ಲಿ ಶಿಲ್ಲಾಂಗಿನಲ್ಲಿ ಮಾಲ್ದೀವ್ಸ್ ವಿರುದ್ಧ ತೊಂಬತ್ತೈದನೆಯ ಗೋಲು ಬಂತು. ನಮಗೆ ಸಂತೋಷವೇ. ಆದರೆ ನಲವತ್ತರ ಹಿರಿಯರನ್ನು ವಿಶ್ರಾಂತಿಯಿಂದ ಎಬ್ಬಿಸಿ ಕರೆತರಬೇಕಾದ ದೇಶ, ಇಪ್ಪತ್ತರ ಹುಡುಗರನ್ನು ತಯಾರು ಮಾಡುವುದರಲ್ಲಿ ಎಲ್ಲೋ ಎಡವಿದೆಯಲ್ಲ ಎಂಬ ಕಸಿವಿಸಿಯೂ ಅಷ್ಟೇ ಇತ್ತು. ನಮ್ಮ ಸಂಘದಲ್ಲಿಯೂ ಎಪ್ಪತ್ತು ದಾಟಿದ ಪದಾಧಿಕಾರಿಗಳೇ ಇಂದಿಗೂ ಬಾವುಟ ಕಟ್ಟುತ್ತಾರೆ. ಯಾರಿಗೆ ಹೇಳೋಣ?

ಈಗ ಖಜಾಂಚಿಗಳ ಪ್ರಶ್ನೆಗೆ ಬರೋಣ. ಅವರು ನಮ್ಮ ಹಿರಿಯರು, ಅವರ ಮೇಲೆ ನಮಗೆ ಗೌರವವಿದೆ. ಛೇತ್ರಿಯವರು ಹುಟ್ಟಿನಿಂದ ನಮ್ಮವರಲ್ಲ, ಮಾತಿನಿಂದಲೂ ಅಲ್ಲ. ಆದರೆ ಹುಟ್ಟು, ಮಾತು ಎರಡನ್ನೇ ಅಳತೆಗೋಲು ಮಾಡಿದರೆ ನಮ್ಮ ಮಗನೂ ಒಂದು ದಿನ ಅದರಲ್ಲಿ ಗಿಡ್ಡನಾಗಿ ನಿಲ್ಲುತ್ತಾನೆ. ಅವನ ಮಕ್ಕಳಂತೂ ಲೆಕ್ಕಕ್ಕೇ ಬಾರರು. ನಮ್ಮನ್ನು ಈ ಮುಂಬಯಿ ತನ್ನವರೆಂದು ಎಣಿಸಬೇಕೆಂದು ಮೂವತ್ತು ವರ್ಷದಿಂದ ಬಯಸುತ್ತಿರುವ ನಾವು, ಬೇರೆಯವರಿಗೆ ಬೇರೆ ಕೋಲು ಹಿಡಿಯುವುದು ಹೇಗೆ? ಬಂದ ಊರಿನಲ್ಲಿ ನಿಂತು, ಅಲ್ಲಿಯ ಸೋಲು ಗೆಲುವುಗಳಿಗೆ ಮೈಕೊಟ್ಟು, ಕರೆದಾಗ ಹೋಗಿ, ಬೇಕಾದಾಗ ತಾವೂ ಬಾಯಿಬಿಟ್ಟು ಕರೆದವರು ಆ ಊರಿನವರು. ಅರುವತ್ತೆಂಟು ವರ್ಷ ಬೇಲಿಯ ಹೊರಗಿದ್ದ ರಾಯರನ್ನು ಒಂದು ಕರೆ ಒಳಗೆ ತಂದು ಕೂರಿಸಿತು.

ಈ ಬರಹದಲ್ಲಿರುವ ಇಸವಿ, ಗೋಲುಗಳ ಲೆಕ್ಕವನ್ನೆಲ್ಲ ಮಗನೇ ತಿದ್ದಿದ್ದಾನೆ. ಎರಡು ಕಡೆ ನಮ್ಮ ಕಾಗುಣಿತವನ್ನೂ ತಿದ್ದಿದ!

ಕೊನೆಯಲ್ಲಿ ಓದುಗ ಬಾಂಧವರಲ್ಲಿ ಒಂದು ಅರಿಕೆ. ಸಂಘದ ಮುಂದಿನ ಕಾರ್ಯಕ್ರಮದ ಕರೆಯೋಲೆ ನಿಮ್ಮ ಮನೆಗೆ ಬರುತ್ತದೆ. ನಮ್ಮ ನಾಟಕ ಊರಿನ ನಾಟಕದ ಮಟ್ಟಕ್ಕೆ ಇಲ್ಲ, ಹಾಡು ರೇಡಿಯೋದಷ್ಟು ಇಂಪಾಗಿಲ್ಲ, ಭಾಷಣ ಉದ್ದವಾಗುತ್ತದೆ, ಎಲ್ಲ ಒಪ್ಪಿದೆ. ಆದರೂ ಬನ್ನಿ, ಮಕ್ಕಳನ್ನೂ ಕರೆತನ್ನಿ. ಬೈಯುವುದಿದ್ದರೂ ಬಂದೇ ಬೈಯಿರಿ. ಕುರ್ಚಿಗಳನ್ನು ನಮ್ಮ ಮಗ ಹಾಕಿಟ್ಟಿರುತ್ತಾನೆ.